ಕೆಮ್ಮು

ನಮ್ಮ ಕಡೆ, ಝುಂಝುನೂವಿನ ಮರಳು ಸೀಮೆಯಲ್ಲಿ,
ಗಂಡಸಿಗೆ ಮಾತು ಬೇಕಿರಲಿಲ್ಲ. ಒಂದು ಕೆಮ್ಮು ಸಾಕಿತ್ತು.
ಹೊಸ್ತಿಲಲ್ಲಿ ನಿಂತು ನಾನೊಮ್ಮೆ ಕೆಮ್ಮಿದರೆ
ಒಳಗೆ ಬಳೆಗಳಿಗೆ ಗಾಬರಿ,
ಮಂಚದ ಮೇಲಿದ್ದವಳು ನೆಲಕ್ಕಿಳಿಯುತ್ತಿದ್ದಳು,
ಸೆರಗು ಗಲ್ಲದವರೆಗೆ ಬರುತ್ತಿತ್ತು.
ನನ್ನಪ್ಪನ ಕೆಮ್ಮು ಇನ್ನೂ ದೊಡ್ಡದು:
ಅದಕ್ಕೆ ಒಂಟೆಯೂ ಎದ್ದು ನಿಲ್ಲುತ್ತಿತ್ತು.

ಸೊಸೆ ಬಂದು ಹನ್ನೊಂದು ವರ್ಷ
ನಾನವಳ ದನಿ ಕೇಳಿರಲಿಲ್ಲ.
ಎಡಗಾಲ ಹಿಮ್ಮಡಿಯ ಬಿರುಕು ಗೊತ್ತಿತ್ತು,
ಚಹಾದ ಲೋಟ ಇಟ್ಟು ಸರಿಯುವ ಕೈಯ ಸುಟ್ಟ ಕಲೆ.
ಹೆಸರು? ಲೀಲಾಧರನ ಹೆಂಡತಿ, ಪಿಸ್ತಾಳ ಅವ್ವ.
ಅಷ್ಟರಲ್ಲೇ ಮನೆ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಸೆರಗಿನೊಳಗಿಂದ ಕಾಗದವೊಂದು ಬಂತು,
ಅದರ ಹಿಂದೆಯೇ ಮೊದಲ ಮಾತು:
"ಬಾಪೂಜಿ, ಒಂಟೆಯ ಕೊಟ್ಟಿಗೆಗೆ ಕರೆಂಟು ಬೇಕು.
ಮೀಟರು ನನ್ನ ಹೆಸರಲ್ಲಿ. ಜಾಗ ನಿಮ್ಮದು. ಸಹಿ ಇಲ್ಲಿ."
ಹನ್ನೊಂದು ವರ್ಷ ಕೂಡಿಟ್ಟ ಮಾತಿನಲ್ಲಿ
ಒಂದು ಪದವೂ ಹೆಚ್ಚಿಗಿರಲಿಲ್ಲ.
ದಪ್ಪ ದನಿ. ನಾನು ತೆಳುವೆಂದುಕೊಂಡಿದ್ದೆ.

ಕಾಗದದಲ್ಲಿ ಹೆಸರು: ಧಾಪೂ.
ಧಾಪೂ ಅಂದರೆ ಸಾಕು, ಹೊಟ್ಟೆ ತುಂಬಿತು.
ಐದನೆಯದೂ ಹೆಣ್ಣಾದಾಗ ಅವಳಪ್ಪ
ದೇವರಿಗೆ ಕೊಟ್ಟ ಅರ್ಜಿ ಅದು.
ಆರನೆಯದೂ ಹೆಣ್ಣೇ. ಅರ್ಜಿ ತಲುಪಿರಲಿಲ್ಲ.

ಈಗ ಒಂಟೆ ಇಲ್ಲ. ಅದು ಮಲಗುತ್ತಿದ್ದ ಕಡೆ
ಒಂಬತ್ತು ಇ-ರಿಕ್ಷಾಗಳು ರಾತ್ರಿಯಿಡೀ ಕರೆಂಟು ಕುಡಿಯುತ್ತವೆ.
ಗಾಡಿಗೆ ನೂರಿಪ್ಪತ್ತು ರೂಪಾಯಿ. ಸಾಲವಿಲ್ಲ,
ನನ್ನ ತಮ್ಮನ ಮಗನಿಗೂ ಇಲ್ಲ.
ಏಳನೆಯ ಗಾಡಿ ಮನಭರಿಯದು. ಗಂಡ ತೀರಿದ ವರ್ಷ
ಅವಳು ಎದುರಾದರೆ ಜನ ದಾರಿ ಬದಲಿಸುತ್ತಿದ್ದರು.
ಈಗ ಮದುವೆಮನೆಗೆ ಅವಳ ಗಾಡಿಯಲ್ಲೇ ಹೋಗುತ್ತಾರೆ,
ಹತ್ತು ರೂಪಾಯಿ ಅಗ್ಗ.
ನಸುಕಿನಲ್ಲಿ ಎಲ್ಲರೂ ಬಂದು ಕೇಳುವುದು ಒಂದೇ:
"ಧಾಪ್‌ಗೀ?" ತುಂಬಿತಾ?
ಹಸಿರು ದೀಪ ನೋಡಿ ಧಾಪೂ "ಧಾಪ್‌ಗೀ" ಅನ್ನುತ್ತಾಳೆ,
ತನ್ನದೇ ಹೆಸರನ್ನು ಒಂಬತ್ತು ಸಲ, ದುಡ್ಡೆಣಿಸುತ್ತ.

ನಾನು ರಾತ್ರಿಯ ಕಾವಲು. ತಿಂಗಳಿಗೆ ನಾಲ್ಕು ಸಾವಿರ,
ಲಕೋಟೆಯಲ್ಲಿ. ಸಹಿ ಎಲ್ಲಿ ಎಂದು ಅವಳೇ ಬೆರಳಿಟ್ಟು ತೋರಿಸುತ್ತಾಳೆ.
ಬೇವಿನ ಕಟ್ಟೆಯಲ್ಲಿ ನಕ್ಕರು: ಸೊಸೆಯ ಆಳು.
ನಾನೂ ನಕ್ಕೆ. ನಕ್ಕು ಎಲ್ಲರಿಗೂ ಚಹಾ ಹೇಳಿದೆ,
ನನ್ನ ಲಕೋಟೆಯಿಂದ.
ಮರುವಾರ ಅವರಲ್ಲೊಬ್ಬ ಪಕ್ಕಕ್ಕೆ ಕರೆದು ಕೇಳಿದ:
ಆ ಬ್ಯಾಂಕಿನ ಕಾಗದ ಯಾವುದು, ನಮ್ಮ ಸೊಸೆಗೆ?

ಲೀಲಾಧರ ರೊಟ್ಟಿ ಸುಡುತ್ತಾನೆ, ಎರಡೂ ಅರ್ಥದಲ್ಲಿ.
ಪಿಸ್ತಾ ಲೆಕ್ಕದ ಪುಸ್ತಕದಲ್ಲಿ ಅದಕ್ಕೂ ಒಂದು ಕಲಮು ತೆರೆದಿದ್ದಾಳೆ:
ನಷ್ಟ.

ಎಲ್ಲ ಸರಿಹೋಯಿತೆಂದು ಹೇಳಲಾರೆ.
ಹೋಳಿಯ ಮರುದಿನ ಚೂರುವಿನಿಂದ ನನ್ನಣ್ಣ ಬಂದ.
ಹೊಸ್ತಿಲಲ್ಲಿ ಕೆಮ್ಮಿದ. ಕಾದ.
ಧಾಪೂ ಫೋನಿನಲ್ಲಿದ್ದಳು, ಜೈಪುರದ ಬ್ಯಾಟರಿಯವನ ಜೊತೆ ಜಗಳ.
ಒಂದು ಕೈ ತಾನಾಗಿ ಮೇಲೆದ್ದು ಸೆರಗೆಳೆಯಿತು.
ಜಗಳ ನಿಲ್ಲಲಿಲ್ಲ; ಸೆರಗಿನೊಳಗಿಂದಲೇ ದರ ಇಳಿಸಿದಳು.
ನನಗೆ ನಾಚಿಕೆಯಾಯಿತು.
ಯಾರ ಪರವಾಗಿ, ಅದು ತಿಳಿಯಲಿಲ್ಲ.

ಬರ್ಜಿ ನೆನಪಾಗುತ್ತಾಳೆ, ನನ್ನವಳು.
ಸತ್ತ ಮೇಲೆ ನೋಡಿದರೆ ಅವಳ ಓಢಣಿಯ ಅಂಚಿಗೆ
ಏಳು ಗಂಟು. ಬಿಚ್ಚಿದೆ. ಒಂದೊಂದರಲ್ಲೂ
ಚಲಾವಣೆ ನಿಂತ ನಾಲ್ಕಾಣೆಗಳು.
ಯಾವ ಕೊಟ್ಟಿಗೆಗೆ ದೀಪ ಬೇಕಿತ್ತೋ ಅವಳಿಗೆ.
ನಾನು ಕೆಮ್ಮುತ್ತಿದ್ದೆ, ಕೇಳಿಸಲಿಲ್ಲ.

ನಿನ್ನೆ ನಸುಕು, ನಾಲ್ಕೂವರೆ.
ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ, ಪಗಡಿ ಮೊಣಕಾಲ ಮೇಲೆ.
ಎಂಟು ದೀಪ ಹಸಿರು, ಒಂದು ಇನ್ನೂ ಕೆಂಪು.
ಬಾಗಿಲ ಆಚೆ ಯಾರೋ ಕೆಮ್ಮಿದರು,
ದಪ್ಪಗೆ, ಒಮ್ಮೆ. ಕಾದರು.
ನೆಟ್ಟಗೆ ಕೂತೆ.
ಪಗಡಿ ತಲೆಗಿಟ್ಟು ಕಣ್ಣೊರೆಸಿಕೊಂಡೆ.
ಆಮೇಲೆ ಧಾಪೂ ಒಳಗೆ ಬಂದಳು.